ಪ್ರಿವೆಟ್ ಬೇಲಿ: ಬೋಳು ಬುಡ, ಬಾರದ ಹೂವು, ತಿನ್ನಬಾರದ ಹಣ್ಣು – ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಪಾಲು ಪ್ರಿವೆಟ್ ಬಗ್ಗೆಯೇ ಇದೆ. ಗೊತ್ತಿಲ್ಲದವರಿಗೆ ಒಂದು ಮಾತು: ಇದು ಎದುರುಬದುರು ಎಲೆ ಬಿಡುವ, ಒತ್ತಾಗಿ ಬೆಳೆಯುವ ಪೊದೆ. ಕತ್ತರಿಸಿದಷ್ಟೂ ಚಿಗುರುತ್ತದೆ, ಅದಕ್ಕೇ ಬೇಲಿಗೆ ನೆಡುತ್ತಾರೆ. ಸಸ್ಯಶಾಸ್ತ್ರದಲ್ಲಿ ಹೆಸರು ಲಿಗಸ್ಟ್ರಮ್. ಮಲ್ಲಿಗೆ, ಪಾರಿಜಾತ, ಆಲಿವ್ ಇರುವ ಕುಟುಂಬದ್ದೇ ಇದೂ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಕಾಂಪೌಂಡ್ ಪಕ್ಕ ಸಾಲಾಗಿ ಪ್ರಿವೆಟ್ ನೆಟ್ಟು ಮೂರು ವರ್ಷ ಆಯಿತು. ತಲೆಯೆತ್ತರ ಬೆಳೆದಿದೆ. ಮೇಲೆ ಚೆನ್ನಾಗಿ ದಟ್ಟವಾಗಿದೆ, ಆದರೆ ಮೊಣಕಾಲಿನ ಮಟ್ಟದವರೆಗೆ ಬರೀ ಕಡ್ಡಿ ಕಾಣುತ್ತದೆ. ನಾಯಿಗಳು ನುಗ್ಗಿ ಬರುತ್ತವೆ. ಗೊಬ್ಬರ ಹಾಕಿದೆ, ನೀರು ಜಾಸ್ತಿ ಕೊಟ್ಟೆ, ಏನೂ ಬದಲಾಗಲಿಲ್ಲ. ಬುಡ ತುಂಬಿಸುವುದು ಹೇಗೆ?

ಉತ್ತರ: ಇದು ಗೊಬ್ಬರದಿಂದ ಸರಿಹೋಗುವ ತೊಂದರೆ ಅಲ್ಲ. ಗೊಬ್ಬರ ಹಾಕಿದರೆ ಮೇಲಿನ ತುದಿಗಳೇ ಇನ್ನಷ್ಟು ಓಡುತ್ತವೆ. ನಿಮ್ಮ ಬೇಲಿಗೆ ಬೇಕಾಗಿರುವುದು ಕತ್ತರಿ, ಅದೂ ನೀವು ಅಂದುಕೊಂಡಿದ್ದಕ್ಕಿಂತ ಧೈರ್ಯವಾಗಿ ಹಾಕುವ ಕತ್ತರಿ.

ಕಾರಣ ಎರಡು. ಮೊದಲನೆಯದು ಗಿಡದೊಳಗೇ ಇದೆ. ತುದಿ ಚಿಗುರಿನಲ್ಲಿ ಆಕ್ಸಿನ್ ಎಂಬ ಹಾರ್ಮೋನ್ ತಯಾರಾಗಿ ಕೆಳಕ್ಕೆ ಇಳಿಯುತ್ತಿರುತ್ತದೆ, ಅದು ಇರುವವರೆಗೂ ಕೆಳಗಿನ ಕಣ್ಣುಗಳು ಸುಮ್ಮನೆ ಮಲಗಿರುತ್ತವೆ. ತುದಿ ಕತ್ತರಿಸಿದ ಕೂಡಲೇ ಆ ತಡೆ ಹೋಗುತ್ತದೆ, ಕತ್ತರಿಸಿದ ಜಾಗದ ಕೆಳಗಿನ ಕಣ್ಣುಗಳು ಒಡೆದು ಎರಡು ಮೂರು ರೆಂಬೆ ಬರುತ್ತವೆ. ಕವಲು ಒಡೆಯುವುದು ಕತ್ತರಿ ಬಿದ್ದ ಜಾಗದ ಹತ್ತಿರವೇ. ಹಾಗಾಗಿ ತಲೆಯೆತ್ತರದಲ್ಲಿ ಮಾತ್ರ ಕತ್ತರಿಸುತ್ತಾ ಬಂದರೆ ತಲೆಯೆತ್ತರದಲ್ಲಿ ಮಾತ್ರ ದಟ್ಟವಾಗುತ್ತದೆ. ಅದಕ್ಕೇ ನೆಟ್ಟ ದಿನವೇ ಗಿಡವನ್ನು ಅರ್ಧಕ್ಕೋ, ನೆಲದಿಂದ ಒಂದು ಗೇಣು ಒಂದೂವರೆ ಗೇಣು ಎತ್ತರಕ್ಕೋ ಕತ್ತರಿಸಬೇಕು ಅನ್ನುವುದು. ದುಡ್ಡು ಕೊಟ್ಟು ತಂದ ಗಿಡವನ್ನು ಯಾರಿಗೂ ಕತ್ತರಿಸಲು ಮನಸ್ಸು ಬರುವುದಿಲ್ಲ, ನನಗೆ ಅರ್ಥವಾಗುತ್ತದೆ. ಆದರೆ ಬುಡದ ದಟ್ಟಣೆ ಮೊದಲ ಒಂದೆರಡು ವರ್ಷದಲ್ಲೇ ತೀರ್ಮಾನವಾಗುತ್ತದೆ. ಎತ್ತರಕ್ಕೆ ಆತುರ ಮಾಡಬಾರದು.

ಎರಡನೆಯ ಕಾರಣ ಬೆಳಕು. ಹೆಚ್ಚಿನ ಬೇಲಿಗಳು ಮೇಲೆ ಅಗಲ, ಕೆಳಗೆ ಕಿರಿದು ಆಗಿಬಿಡುತ್ತವೆ. ಕತ್ತರಿ ಹಿಡಿದ ಕೈಗೆ ಕೆಳಭಾಗ ಸುಲಭವಾಗಿ ಸಿಗುತ್ತದೆ, ಅಲ್ಲಿ ಜಾಸ್ತಿ ಕತ್ತರಿಸುತ್ತೇವೆ, ಮೇಲೆ ಕೈ ಎಟುಕುವುದಿಲ್ಲ ಅಂತ ಬಿಡುತ್ತೇವೆ. ಆಮೇಲೆ ಮೇಲಿನ ಭಾಗವೇ ಕೆಳಗಿನ ಎಲೆಗಳಿಗೆ ನೆರಳಾಗುತ್ತದೆ. ಬಿಸಿಲು ಸಿಗದ ಎಲೆ ಉದುರುತ್ತದೆ. ಬೇಲಿಯ ಪಕ್ಕದಲ್ಲಿ ನಿಂತು ಉದ್ದಕ್ಕೆ ನೋಡಿ: ಬುಡ ಅಗಲವಾಗಿ, ಮೇಲೆ ಹೋಗುತ್ತಾ ಸ್ವಲ್ಪ ಕಿರಿದಾಗುತ್ತಾ ಬರಬೇಕು. ಎರಡು ಗೂಟ ನೆಟ್ಟು ದಾರ ಕಟ್ಟಿಕೊಂಡರೆ ಕಣ್ಣಳತೆ ತಪ್ಪುವುದಿಲ್ಲ.

ಈಗ ನಿಮ್ಮ ಬೇಲಿ. ಪ್ರಿವೆಟ್‌ಗೆ ಒಂದು ದೊಡ್ಡ ಗುಣ ಇದೆ, ಹಳೆಯ ಕಟ್ಟಿಗೆಯಿಂದಲೂ ಚಿಗುರುತ್ತದೆ. ಎಲ್ಲ ಬೇಲಿ ಗಿಡಗಳೂ ಹೀಗಲ್ಲ, ಸೈಪ್ರೆಸ್ ಜಾತಿಯ ಬಹುತೇಕ ಬೇಲಿಗಳನ್ನು ಎಲೆಯಿಲ್ಲದ ಹಳೆ ಕಡ್ಡಿಯವರೆಗೆ ಕತ್ತರಿಸಿದರೆ ಮತ್ತೆ ಹಸಿರಾಗುವುದೇ ಇಲ್ಲ. ಪ್ರಿವೆಟ್ ಆರೋಗ್ಯವಾಗಿದ್ದರೆ ನೆಲದಿಂದ 15 ರಿಂದ 30 ಸೆಂಟಿಮೀಟರ್ ಬಿಟ್ಟು ಪೂರ್ತಿ ಕತ್ತರಿಸಬಹುದು. ಚಳಿ ಮುಗಿಯುತ್ತಾ ಬಂದು ಹೊಸ ಚಿಗುರು ಇನ್ನೂ ಶುರುವಾಗದ ಹೊತ್ತು ಇದಕ್ಕೆ ಸರಿ. ಮರೆಯೇ ಇಲ್ಲದೆ ಒಂದು ವರ್ಷ ಕಳೆಯುವುದು ಕಷ್ಟ ಅಂದರೆ ಒಂದು ವರ್ಷ ಒಂದು ಪಕ್ಕವನ್ನು ಮುಖ್ಯ ಕಾಂಡದ ಹತ್ತಿರದವರೆಗೆ ಕತ್ತರಿಸಿ, ಮುಂದಿನ ವರ್ಷ ಇನ್ನೊಂದು ಪಕ್ಕ. ಆದರೆ ಮೂರೇ ವರ್ಷದ ಬೇಲಿಗೆ ನಾನು ಪೂರ್ತಿ ತಗ್ಗಿಸುವುದನ್ನೇ ಹೇಳುತ್ತೇನೆ. ಬೇರು ಗಟ್ಟಿಯಾಗಿ ಕೂತಿದೆ, ಬೇಗ ಏಳುತ್ತದೆ. ಕತ್ತರಿಸಿದ ಮೇಲೆ ಬುಡಕ್ಕೆ ಕಾಂಪೋಸ್ಟ್ ಹರಡಿ, ನೀರು ಬಿಡಿ. ಹೊಸ ಚಿಗುರು ಒಂದು ಗೇಣು ಆದಾಗ ತುದಿ ಚಿವುಟಿ. ಮತ್ತೆ ಒಂದು ಗೇಣು ಬಂದಾಗ ಮತ್ತೆ ಚಿವುಟಿ. ಹೀಗೆ ಹಂತ ಹಂತವಾಗಿ ಏರಿಸಿದ ಬೇಲಿಯೊಳಗೆ ನಾಯಿ ನುಗ್ಗುವುದು ಸುಲಭವಲ್ಲ.

ಕತ್ತರಿ ಹಾಕುವ ಮುಂಚೆ ಒಳಗೆ ಹಕ್ಕಿ ಗೂಡು ಇದೆಯಾ ನೋಡಿ. ಮೊಟ್ಟೆ ಮರಿ ಇದ್ದರೆ ಅವು ಹಾರಿಹೋಗುವವರೆಗೆ ಕಾಯಿರಿ. ಬೇಲಿ ಕಾಯುತ್ತದೆ.

ಪ್ರಶ್ನೆ: ವರ್ಷಕ್ಕೆ ಎಷ್ಟು ಸಲ ಕತ್ತರಿಸಬೇಕು?

ಉತ್ತರ: ಗೆರೆ ಎಳೆದ ಹಾಗೆ ನೇರವಾಗಿ ಇರಬೇಕು ಅಂದರೆ ಬೆಳೆಯುವ ಕಾಲದಲ್ಲಿ ಎರಡು ಮೂರು ಸಲ. ಸ್ವಲ್ಪ ಕೆದರಿದರೂ ಪರವಾಗಿಲ್ಲ ಅನ್ನುವವರಿಗೆ ಒಂದು ಸಲ ಸಾಕು. ಸುಡುಬಿಸಿಲಿನ ದಿನ ಬೇಡ, ಒಳಗೆ ನೆರಳಿನಲ್ಲಿದ್ದ ಎಲೆಗಳು ಒಮ್ಮೆಲೇ ಬಿಸಿಲಿಗೆ ಬಿದ್ದು ಸುಡುತ್ತವೆ. ಹಿಮ ಬೀಳುವ ಕಡೆ ಇರುವವರು ಚಳಿ ಶುರುವಾಗುವ ಹೊತ್ತಿಗೆ ಕತ್ತರಿ ನಿಲ್ಲಿಸಿರಬೇಕು, ಇಲ್ಲದಿದ್ದರೆ ಎಳೆ ಚಿಗುರು ಹಿಮಕ್ಕೆ ಕರಿಯಾಗುತ್ತದೆ.

ಪ್ರಶ್ನೆ: ನರ್ಸರಿಯಲ್ಲಿ ಕೇಳಿದರೆ ಎಲ್ಲಕ್ಕೂ ಲಿಗಸ್ಟ್ರಮ್ ಅಂತಲೇ ಹೇಳುತ್ತಾರೆ. ಒಂದು ಕಡೆ ಸಣ್ಣ ಎಲೆ, ಇನ್ನೊಂದು ಕಡೆ ಅಂಗೈ ಉದ್ದದ ಮಿರುಗುವ ಎಲೆ. ಬೇಲಿಗೆ ಯಾವುದು ತರಲಿ? ಎಷ್ಟು ದೂರಕ್ಕೆ ನೆಡಲಿ?

ಉತ್ತರ: ಪೂರ್ತಿ ಹೆಸರು ಕೇಳದೆ ತರಬೇಡಿ. ಎರಡನೆಯ ಪದದಲ್ಲೇ ವಿಷಯ ಇರುವುದು. ಅಂಗೈ ಉದ್ದದ ಮಿರುಗುವ ಎಲೆಯದ್ದು ಬಹುಶಃ ಲಿಗಸ್ಟ್ರಮ್ ಲೂಸಿಡಮ್, ಚೀನಾ ಕಡೆಯದ್ದು. ಅದು ಪೊದೆಯಲ್ಲ, ಮರ. ಬಿಟ್ಟರೆ 10 ಮೀಟರ್ ದಾಟುತ್ತದೆ. ಬೇಲಿಗೆ ಹೆಚ್ಚಾಗಿ ಬಳಸುವುದು ಜಪಾನ್ ಮತ್ತು ಕೊರಿಯಾ ಮೂಲದ ಲಿಗಸ್ಟ್ರಮ್ ಓವಲಿಫೋಲಿಯಮ್. ಚಳಿ ಕಡಿಮೆ ಇದ್ದರೆ ವರ್ಷವಿಡೀ ಹಸಿರು, ಚಳಿ ಜಾಸ್ತಿಯಾದರೆ ಎಲೆ ಸ್ವಲ್ಪ ಉದುರಿಸುತ್ತದೆ. ಯುರೋಪಿನ ಕಾಡುಪ್ರಿವೆಟ್ ಲಿಗಸ್ಟ್ರಮ್ ವಲ್ಗೇರ್, ಅದು ಎಲೆ ಇನ್ನೂ ಬೇಗ ಕಳೆದುಕೊಳ್ಳುತ್ತದೆ, ಸ್ವಲ್ಪ ಸಡಿಲವಾಗಿ ಬೆಳೆಯುತ್ತದೆ. ಸಣ್ಣ ಎಲೆಯ ಲಿಗಸ್ಟ್ರಮ್ ಸೈನೆನ್ಸ್ ಕೂಡ ಚೀನಾದ್ದು. ನೋಡಲು ಬಲು ಚೆಂದ, ಆದರೆ ಎಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕಾದದ್ದೂ ಅದೇ.

ಯಾಕೆ ಅಂದರೆ, ಹಕ್ಕಿಗಳು ಹಣ್ಣು ತಿಂದು ಬೀಜವನ್ನು ಹಿಕ್ಕೆಯಲ್ಲಿ ದೂರ ದೂರ ಬೀಳಿಸುತ್ತವೆ. ಸೈನೆನ್ಸ್ ಅನ್ನು 1852 ರಲ್ಲಿ ಅಲಂಕಾರದ ಗಿಡವಾಗಿ ಅಮೆರಿಕಕ್ಕೆ ತಂದರು. ಇವತ್ತು ಆ ದೇಶದ ಆಗ್ನೇಯ ರಾಜ್ಯಗಳಲ್ಲಿ ಹೊಳೆದಂಡೆಯ ಕಾಡುಗಳೊಳಗೆ ಅದು ಗೋಡೆಯ ಹಾಗೆ ನಿಂತಿದೆ, ಕೆಳಗೆ ಬೇರೆ ಸಸಿ ಏಳಲು ಬೆಳಕೇ ಸಿಗುವುದಿಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಸೈನೆನ್ಸ್, ಲೂಸಿಡಮ್ ಎರಡೂ ಕಳೆಯಾಗಿವೆ. ಭಾರತ, ಶ್ರೀಲಂಕಾದ ಕಾಡಿನಲ್ಲಿ ತನ್ನ ಪಾಡಿಗೆ ಇರುವ ಲಿಗಸ್ಟ್ರಮ್ ರೋಬಸ್ಟಮ್ ಕೂಡ ಮಾರಿಷಸ್ ಮತ್ತು ರಿಯೂನಿಯನ್ ದ್ವೀಪಗಳ ಕಾಡಿಗೆ ದೊಡ್ಡ ಪೀಡೆ. ಹಾಗಾಗಿ ನೀವಿರುವ ಕಡೆ ಯಾವುದನ್ನು ನೆಡಬಾರದು ಅನ್ನುವ ಪಟ್ಟಿ ಇದೆಯಾ ಅಂತ ಕೃಷಿ ಅಥವಾ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಪಟ್ಟಿಯಲ್ಲಿದ್ದರೆ ಬೇರೆ ಗಿಡ ಹುಡುಕಿ. ಇಲ್ಲದಿದ್ದರೂ ಕಾಡು, ಹೊಳೆ ಪಕ್ಕದಲ್ಲಿ ಮನೆ ಇರುವವರು ಪ್ರಿವೆಟ್ ನೆಡದಿರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನೆಟ್ಟವರು ಹಣ್ಣಾಗಲು ಬಿಡಬಾರದು, ಹೂವು ಬಾಡಿದ ಕೂಡಲೇ ಗೊಂಚಲು ಕತ್ತರಿಸಿಬಿಡಿ.

ಅಂತರ 30 ರಿಂದ 45 ಸೆಂಟಿಮೀಟರ್. ಕುಂಡದಲ್ಲಿ ಎಷ್ಟು ಆಳಕ್ಕಿತ್ತೋ ಅಷ್ಟೇ ಆಳಕ್ಕೆ ನೆಡಿ. ಬಿಸಿಲು ಅಥವಾ ಅರೆನೆರಳು ಎರಡೂ ಆಗುತ್ತದೆ. ಯಾವ ಮಣ್ಣಾದರೂ ಸರಿ, ನೀರು ನಿಲ್ಲುವ ಜಾಗ ಮಾತ್ರ ಬೇಡ. ಮೊದಲ ವರ್ಷ ಬುಡ ಒಣಗಲು ಬಿಡಬೇಡಿ.

ಪ್ರಶ್ನೆ: ಪಕ್ಕದ ಮನೆಯ ಪ್ರಿವೆಟ್ ಬಿಳಿ ಹೂವಿನಿಂದ ತುಂಬಿರುತ್ತದೆ. ನಮ್ಮದು ಅದೇ ಜಾತಿ, ಒಂದು ಹೂವೂ ಇಲ್ಲ. ನಾನು ತುಂಬಾ ಅಚ್ಚುಕಟ್ಟಾಗಿ ನೋಡಿಕೊಳ್ಳುತ್ತೇನೆ.

ಉತ್ತರ: ಅಚ್ಚುಕಟ್ಟೇ ಕಾರಣ. ಹೂಗೊಂಚಲು ಬರುವುದು ರೆಂಬೆಯ ತುದಿಯಲ್ಲಿ, ನೀವು ಪ್ರತಿ ಸಲ ಕತ್ತರಿಸುವುದು ಅದನ್ನೇ. ಹೂವು ಬೇಕಿದ್ದರೆ ಹೂಬಿಡುವ ಕಾಲ ಮುಗಿಯುವವರೆಗೆ ಕತ್ತರಿ ಮುಟ್ಟಬೇಡಿ, ಮುಗಿದ ಕೂಡಲೇ ಒಂದು ಸಲ ಕತ್ತರಿಸಿ, ಕಾಯಿ ಕಟ್ಟುವುದೂ ತಪ್ಪುತ್ತದೆ. ಜೇನುಹುಳ, ಚಿಟ್ಟೆಗಳಿಗೆ ಈ ಹೂವು ಬಲು ಇಷ್ಟ. ಆದರೆ ಒಂದು ಮಾತು, ವಾಸನೆ ತೀರಾ ಗಾಢ. ಕೆಲವರಿಗೆ ಹಿತ, ಕೆಲವರಿಗೆ ತಲೆನೋವು. ಆಲಿವ್ ಪರಾಗ ಒಗ್ಗದವರಿಗೆ ಇದರ ಪರಾಗವೂ ಸೀನು, ಕಣ್ಣುತುರಿಕೆ ತರಬಹುದು, ಎರಡೂ ಒಂದೇ ಕುಟುಂಬದವು. ಮನೆಯಲ್ಲಿ ಅಂಥವರಿದ್ದರೆ ಮೊಗ್ಗಿನಲ್ಲೇ ಕತ್ತರಿಸುವುದು ವಾಸಿ.

ಪ್ರಶ್ನೆ: ಬೇಲಿಯಲ್ಲಿ ಕಪ್ಪು ಹಣ್ಣುಗಳಾಗಿವೆ, ನೇರಳೆಯ ಥರ ಸಣ್ಣವು. ಮನೆಯಲ್ಲಿ ಎರಡು ವರ್ಷದ ಮಗು ಇದೆ. ಹಕ್ಕಿಗಳು ತಿನ್ನುತ್ತವಲ್ಲ, ಮಗು ತಿಂದರೆ ಏನೂ ಆಗಲ್ಲ ಅಂತ ಅತ್ತೆ ಹೇಳುತ್ತಾರೆ. ಇದನ್ನು ಔಷಧಿಗೆ ಬಳಸುತ್ತಾರೆ ಅಂತಲೂ ಓದಿದೆ.

ಉತ್ತರ: ನಿಮ್ಮ ಅತ್ತೆಯವರಿಗೆ ದಯವಿಟ್ಟು ಇದನ್ನು ಓದಿ ಹೇಳಿ. ಪ್ರಿವೆಟ್ ಹಣ್ಣು ಮನುಷ್ಯರಿಗೆ ವಿಷ. ಎಲೆಯೂ ಅಷ್ಟೇ. ಹಕ್ಕಿ ತಿಂದು ಅರಗಿಸಿಕೊಳ್ಳುವುದಕ್ಕೂ ನಮ್ಮ ಹೊಟ್ಟೆಗೂ ಸಂಬಂಧವಿಲ್ಲ. ತಿಂದರೆ ಹೊಟ್ಟೆನೋವು, ವಾಂತಿ, ಭೇದಿ ಶುರುವಾಗುತ್ತದೆ. ಜಾಸ್ತಿ ತಿಂದರೆ ಅಪಾಯವೂ ಜಾಸ್ತಿ, ಸಣ್ಣ ಮಗುವಿನಲ್ಲಿ ಮೈಯ ನೀರು ಬೇಗ ಇಳಿದುಹೋಗುತ್ತದೆ.

ಮಗು ಬಾಯಿಗೆ ಹಾಕಿಕೊಂಡಿದೆ ಅಂತ ಗೊತ್ತಾದರೆ ಬಾಯಲ್ಲಿ ಉಳಿದದ್ದನ್ನು ಬೆರಳಿನಿಂದ ತೆಗೆದು, ಬಾಯಿ ಒರೆಸಿ, ತಕ್ಷಣ ವೈದ್ಯರಿಗೆ ಫೋನ್ ಮಾಡಿ. ಉಪ್ಪುನೀರು ಕುಡಿಸುವುದು, ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸುವುದು ಮಾಡಬೇಡಿ. ಹಣ್ಣಿರುವ ಒಂದು ರೆಂಬೆ ಮುರಿದು ಜೊತೆಗೆ ತೆಗೆದುಕೊಂಡು ಹೋಗಿ, ಯಾವ ಗಿಡ ಅಂತ ಅವರಿಗೆ ಗೊತ್ತಾಗಬೇಕಲ್ಲ.

ಔಷಧಿಯ ಮಾತು ನಿಜ, ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಲೂಸಿಡಮ್ ಜಾತಿಯ ಹಣ್ಣನ್ನು ಒಣಗಿಸಿ, ಹದ ಮಾಡಿ ಬಳಸುತ್ತಾರೆ. ಅದು ಬಲ್ಲವರು ಅಳತೆ ಮಾಡಿ ಕೊಡುವುದು. ಬೇಲಿಯಿಂದ ಕಿತ್ತು ತಿನ್ನಲು ಅದು ಅನುಮತಿ ಅಲ್ಲ.

ಮಗು ದೊಡ್ಡದಾಗುವವರೆಗೆ ಈ ಬೇಲಿ ಹೂಬಿಡಲೇಬಾರದು, ಅಷ್ಟೇ. ಈಗಿರುವ ಗೊಂಚಲುಗಳನ್ನು ಇವತ್ತೇ ಕತ್ತರಿಸಿ, ಕೆಳಗೆ ಬಿದ್ದದ್ದನ್ನೂ ಗುಡಿಸಿ. ಇನ್ನೊಂದು ವಿಷಯ, ಇದನ್ನು ಎಲ್ಲರೂ ಓದಿ: ಕತ್ತರಿಸಿದ ಸೊಪ್ಪನ್ನು ದನ, ಕುರಿ, ಕುದುರೆ ಮೇಯುವ ಜಾಗಕ್ಕೆ ಎಸೆಯಬೇಡಿ. ಪ್ರಿವೆಟ್ ತಿಂದು ಕುದುರೆಗಳು ಸತ್ತದ್ದಿದೆ.

ಪ್ರಶ್ನೆ: ಹಳದಿ ಅಂಚಿನ ಪ್ರಿವೆಟ್ ನೆಟ್ಟಿದ್ದೆ. ಈಗ ಅರ್ಧ ಗಿಡ ಹಸಿರಾಗಿದೆ.

ಉತ್ತರ: ಹಸಿರು ರೆಂಬೆ ಕಂಡ ಕೂಡಲೇ ಅದು ಹುಟ್ಟಿದ ಬುಡದವರೆಗೆ ಹೋಗಿ ತೆಗೆಯಿರಿ, ತುದಿ ಕತ್ತರಿಸಿದರೆ ಸಾಲದು. ಹಳದಿ ಬಣ್ಣದ ಕಡೆ ಪತ್ರಹರಿತ್ತು ಕಡಿಮೆ, ಹಾಗಾಗಿ ಪೂರ್ತಿ ಹಸಿರು ರೆಂಬೆ ಜಾಸ್ತಿ ಆಹಾರ ತಯಾರಿಸಿ ಜೋರಾಗಿ ಬೆಳೆದು ಹಳದಿಯನ್ನು ಮುಳುಗಿಸಿಬಿಡುತ್ತದೆ. ಗಿಡ ನೆರಳಿನಲ್ಲಿದ್ದರೆ ಬಣ್ಣವೂ ಮಂಕಾಗುತ್ತದೆ, ಬಿಸಿಲು ಬೇಕು.

ಪ್ರಶ್ನೆ: ಎಲೆಗಳ ಮೇಲೆ ಬೂದು ಬೆಳ್ಳಿಯ ಬಣ್ಣ ಬಂದು ಮಂಕಾಗಿವೆ, ಹುಳ ಏನೂ ಕಾಣುವುದಿಲ್ಲ. ಸಾಲಿನ ಕೊನೆಯಲ್ಲಿ ಒಂದು ಗಿಡ ಪೂರ್ತಿ ಒಣಗಿದೆ, ಈಗ ಪಕ್ಕದ್ದೂ ಸೊರಗುತ್ತಿದೆ. ಎರಡಕ್ಕೂ ಒಂದೇ ಔಷಧಿ ಸಾಕಾ?

ಉತ್ತರ: ಇವೆರಡು ಬೇರೆ ಬೇರೆ ತೊಂದರೆ. ಮೊದಲನೆಯದು ಥ್ರಿಪ್ಸ್. ಕೂದಲೆಳೆಯಷ್ಟು ಸಣ್ಣ ಕೀಟ, ಎಲೆಯ ರಸ ಹೀರುತ್ತದೆ. ಬಿಳಿ ಹಾಳೆಯ ಮೇಲೆ ರೆಂಬೆ ಕೊಡವಿದರೆ ಓಡಾಡುವುದು ಕಾಣುತ್ತದೆ. ಒಣ ಹವೆಯಲ್ಲಿ, ನೀರು ಕಡಿಮೆಯಾದ ಗಿಡದಲ್ಲಿ ಇದರ ಹಾವಳಿ ಜಾಸ್ತಿ. ಗಿಡ ಸಾಯುವುದಿಲ್ಲ. ಬುಡಕ್ಕೆ ಚೆನ್ನಾಗಿ ನೀರು ಕೊಡಿ, ಬೇಲಿಯನ್ನು ಒಂದು ಸಲ ಕತ್ತರಿಸಿ, ಬಂದ ಹೊಸ ಎಲೆ ಹಸಿರಾಗೇ ಇರುತ್ತದೆಯಾ ನೋಡಿ. ತೀರಾ ಜಾಸ್ತಿಯಾದರೆ ಬೇವಿನ ಎಣ್ಣೆ ಸಿಂಪಡಿಸಬಹುದು, ಹೂವಿರುವಾಗ ಮಾತ್ರ ಬೇಡ, ಜೇನುಹುಳ ಬರುತ್ತವೆ.

ನನಗೆ ಕಳವಳ ಇರುವುದು ಎರಡನೆಯದರ ಬಗ್ಗೆ. ಒಂದಾದ ಮೇಲೆ ಒಂದು ಸಾಯುತ್ತಿದೆ ಅಂದರೆ ಬೇರಿನಲ್ಲಿ ಶಿಲೀಂಧ್ರ ಇರಬಹುದು. ಸತ್ತ ಗಿಡದ ಬುಡದಲ್ಲಿ, ಮಣ್ಣಿನ ಮಟ್ಟದಲ್ಲಿ ತೊಗಟೆ ಸುಲಿದು ನೋಡಿ. ತೊಗಟೆಗೂ ಕಟ್ಟಿಗೆಗೂ ನಡುವೆ ಬಿಳಿ ಹಾಳೆಯಂಥ ಪದರ ಇದ್ದು ಅಣಬೆ ವಾಸನೆ ಬಂದರೆ ಅದು ಆರ್ಮಿಲೇರಿಯಾ. ಪ್ರಿವೆಟ್ ಇದಕ್ಕೆ ಸುಲಭವಾಗಿ ಬಲಿಯಾಗುವ ಗಿಡ. ಈ ಶಿಲೀಂಧ್ರ ಮಣ್ಣಿನೊಳಗೆ ಕಪ್ಪು ದಾರದಂಥ ಎಳೆಗಳಲ್ಲಿ ಹರಿದು ಪಕ್ಕದ ಬೇರಿಗೆ ದಾಟುತ್ತದೆ. ಇದಕ್ಕೆ ಮದ್ದು ಸಿಂಪಡಿಸಿ ಪ್ರಯೋಜನವಿಲ್ಲ, ಯಾರಾದರೂ ಮಾರಲು ಬಂದರೂ ಕೊಳ್ಳಬೇಡಿ. ಸತ್ತದ್ದು, ಸೊರಗಿದ್ದು ಎರಡನ್ನೂ ಬೇರುಸಮೇತ ಅಗೆದು ತೆಗೆಯಿರಿ, ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ. ಆ ಜಾಗದಲ್ಲಿ ಸದ್ಯಕ್ಕೆ ಪೊದೆ, ಮರ ಯಾವುದೂ ಬೇಡ. ಬಿಳಿ ಪದರ ಇಲ್ಲ, ಬೇರು ಕೊಳೆತು ಕರಿದಾಗಿದೆ ಅಂದರೆ ನೀರು ನಿಂತಿದೆ ಅಂತ ಅರ್ಥ, ಆ ಕೊನೆಯಲ್ಲಿ ಬಸಿಗಾಲುವೆ ಮಾಡಿ.

ಪ್ರಶ್ನೆ: ಬೇಲಿಯ ಮೇಲೆ ಬೆರಳಿಗಿಂತ ದಪ್ಪ ಹಸಿರು ಹುಳ! ಪಕ್ಕಕ್ಕೆ ನೇರಳೆ ಬಿಳಿ ಓರೆ ಪಟ್ಟಿ, ಹಿಂದೆ ಕಪ್ಪು ಕೊಂಬು. ಏನು ಹೊಡೆಯಲಿ?

ಉತ್ತರ: ಏನನ್ನೂ ಹೊಡೆಯಬೇಡಿ. ಅದು ಪ್ರಿವೆಟ್ ಹಾಕ್ ಪತಂಗದ ಮರಿ. ಕೊಂಬು ಚುಚ್ಚುವುದಿಲ್ಲ. ಒಂದೆರಡು ರೆಂಬೆಯ ಎಲೆ ತಿಂದು, ಕೆಳಗಿಳಿದು ಮಣ್ಣಿನೊಳಗೆ ಕೋಶವಾಗುತ್ತದೆ. ಆಮೇಲೆ ಬರುವ ಪತಂಗದ ಹೊಟ್ಟೆಯ ಮೇಲೆ ಗುಲಾಬಿ ಕಪ್ಪು ಪಟ್ಟೆಗಳಿರುತ್ತವೆ, ರೆಕ್ಕೆ ಬಿಚ್ಚಿದರೆ ಅಂಗೈ ಅಗಲ. ನಿಮ್ಮ ಬೇಲಿಗೆ ಅದು ಬಂದಿದೆ ಅಂದರೆ ನನಗಂತೂ ಖುಷಿ. ಅಷ್ಟು ಎಲೆ ಪ್ರಿವೆಟ್‌ಗೆ ಲೆಕ್ಕಕ್ಕಿಲ್ಲ.

ಪ್ರಶ್ನೆ: ಬೇಲಿ ಪಕ್ಕದ ಪಾತಿಯಲ್ಲಿ ಹೂಗಿಡ ಏನು ಹಾಕಿದರೂ ಕುಗ್ಗಿಹೋಗುತ್ತದೆ.

ಉತ್ತರ: ಪ್ರಿವೆಟ್ ಬೇರು ಮೇಲುಮೇಲೆ ಹರಡುತ್ತದೆ, ನೀರು ಗೊಬ್ಬರ ಎರಡನ್ನೂ ಮೊದಲು ಅದೇ ಕುಡಿಯುತ್ತದೆ. ಬೇಲಿಯಿಂದ ಒಂದು ಮೀಟರ್‌ನಷ್ಟಾದರೂ ಜಾಗ ಬಿಡಿ, ಅಲ್ಲಿ ಕಾಲುದಾರಿ ಮಾಡಿಕೊಂಡರೆ ಕತ್ತರಿಸಲೂ ಅನುಕೂಲ. ಜಾಗ ಇಲ್ಲದಿದ್ದರೆ ಹೂಗಿಡಗಳನ್ನು ಕುಂಡದಲ್ಲಿ ಇಡಿ.

ಪ್ರಶ್ನೆ: ಕಡ್ಡಿ ನೆಟ್ಟು ಗಿಡ ಮಾಡಬಹುದಾ? ಉದ್ದ ಬೇಲಿಗೆ ಅಷ್ಟೂ ಗಿಡ ಕೊಳ್ಳಲು ಆಗುವುದಿಲ್ಲ.

ಉತ್ತರ: ಖಂಡಿತ. ಇಷ್ಟು ಸುಲಭವಾಗಿ ಬೇರು ಬಿಡುವ ಬೇಲಿ ಗಿಡಗಳು ಕಡಿಮೆ. ಬೆಳವಣಿಗೆ ನಿಂತ ಚಳಿಗಾಲದಲ್ಲಿ, ಆ ವರ್ಷ ಬೆಳೆದು ಬಲಿತ ಪೆನ್ಸಿಲ್ ದಪ್ಪದ ರೆಂಬೆ ಆರಿಸಿ. 20 ರಿಂದ 30 ಸೆಂಟಿಮೀಟರ್ ಉದ್ದಕ್ಕೆ, ಕೆಳಗೆ ಗೆಣ್ಣಿನ ಕೆಳಗೇ ನೇರವಾಗಿ, ಮೇಲೆ ಗೆಣ್ಣಿನ ಮೇಲೆ ಓರೆಯಾಗಿ ಕತ್ತರಿಸಿ. ಓರೆ ಕಂಡರೆ ಅದು ಮೇಲ್ತುದಿ ಅಂತ ನೆನಪಿರುತ್ತದೆ, ತಲೆಕೆಳಗಾಗಿ ನೆಡುವ ಭಯವಿಲ್ಲ. ಕೆಳಗಿನ ಎಲೆ ಕಿತ್ತು, ಮೂರರಲ್ಲಿ ಎರಡು ಪಾಲು ಮಣ್ಣಿನೊಳಗೆ ಹೋಗುವಂತೆ ಮರಳು ಬೆರೆಸಿದ ಮಡಿಯಲ್ಲಿ ನೆಡಿ. ಸುತ್ತ ಮಣ್ಣು ಒತ್ತಿ. ಮೇಲೆ ಎಲೆ ಬಂತು ಅಂತ ಅಲ್ಲಾಡಿಸಿ ನೋಡಬೇಡಿ, ಚಿಗುರು ಮೊದಲು, ಬೇರು ಆಮೇಲೆ. ಮುಂದಿನ ಚಳಿಗಾಲದವರೆಗೆ ಅಲ್ಲೇ ಬಿಟ್ಟು ನಂತರ ಜಾಗಕ್ಕೆ ಸಾಗಿಸಿ. ಕೆಲವು ಏಳದೇ ಹೋಗುತ್ತವೆ, ಹಾಗಾಗಿ ಬೇಕಾದದ್ದಕ್ಕಿಂತ ಸ್ವಲ್ಪ ಜಾಸ್ತಿಯೇ ನೆಡಿ.

ಪ್ರಶ್ನೆ: ಕೊಂಡ ಮನೆಯ ಹಿತ್ತಲಲ್ಲಿ ಹಳೆಯ ಪ್ರಿವೆಟ್ ಕಾಡಾಗಿದೆ. ಎಷ್ಟು ಸಲ ಕಡಿದರೂ ಬುಡದಿಂದ ಏಳುತ್ತದೆ. ನಮಗೆ ಇದು ಬೇಡವೇ ಬೇಡ.

ಉತ್ತರ: ಕಡಿಯುವುದು ಅದಕ್ಕೆ ಶಿಕ್ಷೆಯಲ್ಲ, ಬೇರು ಬರಬೇಕು. ಕಾಂಡವನ್ನು ಎದೆಮಟ್ಟದಲ್ಲಿ ಕಡಿಯಿರಿ, ನೆಲಮಟ್ಟಕ್ಕೆ ಬೇಡ. ಉಳಿದ ಕಾಂಡ ಸನ್ನೆಗೋಲಿನ ಕೆಲಸ ಮಾಡುತ್ತದೆ. ಸುತ್ತ ಅಗೆದು, ದಪ್ಪ ಬೇರುಗಳನ್ನು ಗರಗಸದಿಂದ ಕತ್ತರಿಸಿ, ಕಾಂಡ ಹಿಡಿದು ಅತ್ತಿತ್ತ ಬಗ್ಗಿಸಿದರೆ ಬುಡ ಕಿತ್ತು ಬರುತ್ತದೆ. ಮಳೆಯಾಗಿ ಮಣ್ಣು ನೆನೆದಾಗ ಶ್ರಮ ಅರ್ಧ. ತೆಗೆಯಲಾಗದ ಬುಡ ಇದ್ದರೆ ಬಂದ ಚಿಗುರನ್ನು ಬಂದ ಹಾಗೆ ಚಿವುಟುತ್ತಾ ಇರಿ, ಎಲೆ ಬಿಚ್ಚಲು ಬಿಡದಿದ್ದರೆ ಬೇರಿನಲ್ಲಿ ಕೂಡಿಟ್ಟ ಆಹಾರ ಮುಗಿಯುತ್ತಾ ಬರುತ್ತದೆ. ಇದಕ್ಕೆ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಬಹುದು.

ಸುತ್ತ ಬೀಜದಿಂದ ಎದ್ದ ಸಸಿಗಳನ್ನು ಬೆರಳುದ್ದ ಇರುವಾಗಲೇ ಕಿತ್ತುಹಾಕಿ. ಪ್ರಿವೆಟ್ ಬೀಜ ಮಣ್ಣಿನಲ್ಲಿ ಬಹಳ ವರ್ಷ ಜೀವ ಹಿಡಿದಿರುವುದಿಲ್ಲ, ಹೊಸ ಹಣ್ಣು ಬೀಳದಿದ್ದರೆ ಸಸಿಗಳು ಬೇಗ ಕಡಿಮೆಯಾಗುತ್ತವೆ. ಪಕ್ಕದವರ ಹಿತ್ತಲಲ್ಲೂ ಹಣ್ಣಿನ ಗಿಡ ಇದ್ದರೆ ಅವರ ಜೊತೆ ಮಾತಾಡಿ ಒಟ್ಟಿಗೇ ಕೆಲಸ ಮಾಡಿ. ಒಬ್ಬರೇ ತೆಗೆದರೆ ಹಕ್ಕಿಗಳು ಆ ಕಡೆಯಿಂದ ಬೀಜ ತಂದು ಹಾಕುತ್ತಲೇ ಇರುತ್ತವೆ.